ಸ್ಥಾನ ಬಿಟ್ಟ ಎಸೆತಗಾರರು

ಕಳಚಿ ಬಿದ್ದ ಹಲ್ಲು, ಉದುರಿದ ಕೂದಲು, ಕತ್ತರಿಸಿದ ಉಗುರು, ಸ್ಥಾನ ತಪ್ಪಿದ ಮನುಷ್ಯ, ಈ ನಾಲ್ಕಕ್ಕೂ ಶೋಭೆಯಿಲ್ಲವೆಂಬ ಅರ್ಥದ ಸಂಸ್ಕೃತ ಸುಭಾಷಿತವೊಂದುಂಟು. ಪಾಠದ ನಡುವೆ ಪ್ರಸಂಗ ಬಂದಾಗಲೆಲ್ಲ ನಾನು ಅದನ್ನು ಹುಡುಗರಿಗೆ ಹೇಳುತ್ತ ಬಂದವನು. ಯಾರೂ ಎದುರಾಡಿದ್ದಿಲ್ಲ. ೨೦೨೫ರ ಮಾರ್ಚ ತಿಂಗಳಲ್ಲಿ ಮಾತ್ರ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಹಂಗಾದ್ರ ಕರುಣ್ ನಾಯರ್ ಕರ್ನಾಟಕ ಬಿಟ್ಟು ವಿದರ್ಭಕ್ಕ ಹೋದ ಮ್ಯಾಲೆ ಒಂದ ವರ್ಷದಾಗ ಒಂಬತ್ತ ಶತಕ ಹೊಡದಾನಲ್ರಿ?” ಎಂದು ಕೇಳಿದ. ತರಗತಿ ನಕ್ಕಿತು. ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ.

ಕುಚೇಷ್ಟೆಯ ಪ್ರಶ್ನೆಯೆಂದು ತಳ್ಳಿಹಾಕಬಹುದಿತ್ತು. ಆದರೆ ಆ ಹುಡುಗ ಅದೇ ವರ್ಷ ತಾಲೂಕಾ ಮಟ್ಟದ ಕಬಡ್ಡಿ ತಂಡದ ಆಯ್ಕೆಯಲ್ಲಿ ಹೊರಗುಳಿದವನೆಂಬದು ನನಗೆ ಗೊತ್ತಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳಲ್ಲಿ ಪ್ರತಿ ವರ್ಷ ಹೀಗೆ ಹೊರಗುಳಿಯುವ ಹುಡುಗರು ಎಷ್ಟೋ. ಹತ್ತನೆಯ ಇಯತ್ತೆಯಲ್ಲಿಯೇ ‘ನಮ್ಮದು ಮುಗೀತು’ ಎಂದುಕೊಂಡು ಮೈದಾನಕ್ಕೆ ಕಾಲಿಡುವದನ್ನು ಬಿಟ್ಟವರನ್ನು ನಾನು ಕಂಡಿದ್ದೇನೆ. ಆದುದರಿಂದ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವದು ನನಗೆ ಸಾಲವಾಗಿ ಉಳಿಯಿತು. ಹುಡುಕುತ್ತ ಹೋದಂತೆ ನಾನು ಎಂದೂ ಆಡದ, ಕಣ್ಣಾರೆ ಕಾಣದ ಒಂದು ಆಟದ ಬಾಗಿಲಿಗೆ ಬಂದು ನಿಂತೆ. ಅದು ಅಮೇರಿಕದ ಬೇಸ್‌ಬಾಲ್.

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. ಹತ್ತು ಅಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು ೬೦ ಅಡಿ ೬ ಅಂಗುಲ ದೂರದ ದಾಂಡಿಗನ ಕಡೆಗೆ ಅವನು ಚೆಂಡೆಸೆಯಬೇಕು. ಕ್ರಿಕೆಟ್ಟಿನ ೨೨ ಗಜವೆಂದರೆ ೬೬ ಅಡಿ. ಹಾಗಾಗಿ ಅಂತರದಲ್ಲಿ ಅಂಥ ವ್ಯತ್ಯಾಸವಿಲ್ಲ. ಆದರೆ ಇಲ್ಲಿ ಓಡಿಬಂದು ಎಸೆಯುವಂತಿಲ್ಲ, ಚೆಂಡನ್ನು ನೆಲಕ್ಕೆ ಪುಟಿಸಿ ದಾಂಡಿಗನನ್ನು ಮೋಸಗೊಳಿಸುವಂತಿಲ್ಲ. ನೆಲದ ನೆರವು ಇಲ್ಲದ ಮೇಲೆ ಎಲ್ಲವೂ ಬೆರಳು, ಮಣಿಕಟ್ಟು, ತೋಳುಗಳ ಕೆಲಸ. ಪಂದ್ಯಕ್ಕೆ ಒಂಬತ್ತು ಪಾಳಿ. ಪ್ರತಿ ಪಾಳಿಯಲ್ಲಿಯೂ ಎದುರಾಳಿಗಳಲ್ಲಿ ಮೂವರನ್ನು ಔಟ್ ಮಾಡಬೇಕು. ಆಟವನ್ನು ಸುರು ಮಾಡಿದ ಪಿಚರ್ ಐದಾರು ಪಾಳಿ ಎಸೆಯುವಷ್ಟರಲ್ಲಿ ತೋಳು ಸೋಲುತ್ತದೆ. ಆಗ ಅವನನ್ನು ಕರೆದುಕೊಂಡು ಇನ್ನೊಬ್ಬನನ್ನು ಕಳಿಸುತ್ತಾರೆ. ಹೊರಗೆ ಹೋದವನು ಆ ಪಂದ್ಯದಲ್ಲಿ ಮರಳಿ ಬರುವಂತಿಲ್ಲ. ಒಳಗೆ ಬಂದ ಆ ಎರಡನೆಯವನೇ ‘ರಿಲೀಫ್ ಪಿಚರ್’.

ಈ ರಿಲೀಫ್ ಎಂಬ ಶಬ್ದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ಪರಿಹಾರ’ವೆಂದರೆ ನಮ್ಮ ಕಡೆ ಬರಗಾಲದ ಕಾಮಗಾರಿ ನೆನಪಾಗುತ್ತದೆ. ‘ಉಪಶಮನ’ವೆಂದರೆ ವೈದ್ಯರ ಕಷಾಯ. ರಾತ್ರಿ ಪಹರೆಯವನನ್ನು ಮನೆಗೆ ಕಳಿಸಲು ನಸುಕಿನಲ್ಲಿ ಬರುವ ಎರಡನೆಯ ಪಹರೆಯವನಿದ್ದಾನಲ್ಲ, ಅವನ ಕೆಲಸವೇ ಇದು. ‘ಬದಲಿ ಎಸೆತಗಾರ’ ಎಂದು ಕರೆದು ಮುಂದೆ ಹೋಗೋಣ. ಪಾಳಿ ಬರುವವರೆಗೆ ಈ ಬದಲಿಯವರು ಮೈದಾನದ ಮಗ್ಗುಲಿಗೆ ಒಂದು ಆವರಣದಲ್ಲಿ ಕುಳಿತು, ತೋಳು ಸಡಲಿಸಿಕೊಳ್ಳುತ್ತ ಕಾಯುತ್ತಾರೆ. ಆ ಆವರಣಕ್ಕೆ ಅವರು ಇಟ್ಟ ಹೆಸರು ‘ಬುಲ್‌ಪೆನ್’, ಅಂದರೆ ಹೋರಿಗಳ ದೊಡ್ಡಿ! ಹೆಸರು ಯಾಕೆ ಬಂತೆಂಬುದಕ್ಕೆ ಅಲ್ಲಿಯವರಲ್ಲಿಯೇ ಒಮ್ಮತವಿಲ್ಲವಂತೆ. ನಮ್ಮ ರೈತನಿಗೆ ಮಾತ್ರ ಅದು ಕೇಳಿದೊಡನೆ ತಿಳಿಯುತ್ತದೆ.

ಬದಲಿ ಎಸೆತಗಾರರಲ್ಲಿಯೂ ತರತಮವುಂಟು. ತಂಡ ಅಲ್ಪ ಅಂತರದಿಂದ ಮುಂದಿದ್ದಾಗ ಕೊನೆಯ ಪಾಳಿಗೆ ಬಂದು ಆ ಮುನ್ನಡೆಯನ್ನು ಕಾಯುವವನಿಗೆ ‘ಕ್ಲೋಜರ್’, ಅಂದರೆ ಮುಗಿಸುವವ ಎಂದು ಹೆಸರು. ಹಾಗೆ ಕಾಯ್ದು ಕೊಟ್ಟ ಪಂದ್ಯ ಅವನ ಲೆಕ್ಕದಲ್ಲಿ ಒಂದು ‘ಸೇವ್’. ಜೆರೋಮ್ ಹೋಲ್ಟ್ಸ್‌ಮನ್ ಎಂಬ ಶಿಕಾಗೋದ ಪತ್ರಕರ್ತನು ಕಲ್ಪಿಸಿದ ಈ ಎಣಿಕೆ ೧೯೬೯ರಲ್ಲಿ ಅಧಿಕೃತವಾಯಿತು. ಅದಕ್ಕೆ ಮೊದಲು ಕೊನೆಗೆ ಬಂದು ಪಂದ್ಯ ಉಳಿಸಿದವನ ಕೆಲಸಕ್ಕೆ ದಾಖಲೆಯಲ್ಲಿ ಹೆಸರೇ ಇರಲಿಲ್ಲ. ಅಟ್ಟವರ ಹೆಸರು ಉಳಿದು ಬಡಿಸಿದವರ ಹೆಸರು ಹೋಗುವ ಮದುವೆಯ ಮನೆಯಂತೆ.

ಈಗ ಡೆನಿಸ್ ಎಕರ್ಸ್ಲಿಯ ಕಥೆ. ೧೯೫೪ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲಂಡಿನಲ್ಲಿ ಹುಟ್ಟಿದ ಈತ ೧೯೭೫ರಲ್ಲಿ ಕ್ಲೀವ್‌ಲಂಡ್ ತಂಡದಿಂದ ಆಟ ಆರಂಭಿಸಿದ, ಬದಲಿಯವನಾಗಿ ಅಲ್ಲ, ಆಟ ಸುರು ಮಾಡುವ ಮುಖ್ಯ ಎಸೆತಗಾರನಾಗಿಯೇ ಹೆಸರು ಮಾಡಿದ. ೧೯೭೭ರಲ್ಲಿ ಎದುರಾಳಿಗಳಿಗೆ ಒಂದೂ ‘ಹಿಟ್’ ಕೊಡದೆ ಇಡೀ ಪಂದ್ಯ ಎಸೆದ. ೧೯೭೮ರಲ್ಲಿ ಬಾಸ್ಟನ್ ತಂಡಕ್ಕೆ ೨೦ ಪಂದ್ಯ ಗೆದ್ದುಕೊಟ್ಟ. ಆ ಮೇಲೆ ಇಳಿತ. ಶಿಕಾಗೋ ತಂಡಕ್ಕೆ ಬಂದಮೇಲೆ ೧೯೮೬ರ ಹೊತ್ತಿಗೆ ಗೆದ್ದದ್ದು ೬, ಸೋತದ್ದು ೧೧. ಕುಡಿತ ಅವನನ್ನು ಹಿಡಿದಿತ್ತು. ಆ ಚಳಿಗಾಲದಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಬಿಟ್ಟ. ಮುಂದೆ ಅವನೇ ಇದನ್ನು ಮರೆಮಾಚದೆ ಹೇಳಿಕೊಂಡಿದ್ದಾನೆ. ೧೯೮೭ರ ಏಪ್ರಿಲಿನಲ್ಲಿ ಶಿಕಾಗೋದವರು ಅವನನ್ನು ಓಕ್‌ಲಂಡಿಗೆ ಕೊಟ್ಟುಬಿಟ್ಟರು. ವಯಸ್ಸು ೩೨.

ಓಕ್‌ಲಂಡಿನ ವ್ಯವಸ್ಥಾಪಕ ಟೋನಿ ಲಾ ರುಸ್ಸಾ ಅವನಿಗೆ ಕೊಟ್ಟದ್ದು ಬದಲಿಯವನ ಕೆಲಸ. ಮುಖ್ಯಗಾಯಕನನ್ನು ಹಿಮ್ಮೇಳಕ್ಕೆ ಕೂಡ್ರಿಸಿದಂತೆ! ಯಾರಿಗಾದರೂ ಇದು ಅವಮಾನವೆನ್ನಿಸಬೇಕು. ಆದರೆ ಅದೇ ವರ್ಷ ತಂಡದ ಮುಗಿಸುವವನು ಗಾಯಗೊಂಡಾಗ ಆ ಜಾಗ ಎಕರ್ಸ್ಲಿಗೆ ಬಂತು. ೧೯೮೮ರಲ್ಲಿ ೪೫ ಸೇವ್. ೧೯೯೦ರಲ್ಲಿ ೪೮. ಆ ವರ್ಷ ೭೩ ಪಾಳಿಗೂ ಮಿಕ್ಕಿ ಎಸೆದು ಪುಕ್ಕಟೆ ದಾರಿ ಬಿಟ್ಟುಕೊಟ್ಟದ್ದು ಕೇವಲ ನಾಲ್ಕು ಸಲ. (ದಾಂಡಿಗನಿಗೆ ನಿಲುಕದ ಕಡೆ ನಾಲ್ಕು ಚೆಂಡು ಎಸೆದರೆ ಅವನು ಹೊಡೆಯದೆಯೇ ಮೊದಲನೆಯ ಠಾವಿಗೆ ನಡೆದು ಹೋಗಬಹುದು, ಅದೇ ಪುಕ್ಕಟೆ ದಾರಿ.) ೧೯೯೨ರಲ್ಲಿ ೫೧ ಸೇವ್, ಆ ವರ್ಷ ತನ್ನ ಲೀಗಿನ ಶ್ರೇಷ್ಠ ಎಸೆತಗಾರನ ಪ್ರಶಸ್ತಿಯೂ ಶ್ರೇಷ್ಠ ಆಟಗಾರನ ಪ್ರಶಸ್ತಿಯೂ ಅವನಿಗೇ ಸಂದವು. ೨೦೦೪ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಸೇರಿದ.

ಐದಾರು ಪಾಳಿಯ ತನಕ ಬಾಳಿಕೆ ಬರಬೇಕೆಂದರೆ ಎಸೆತಗಾರನು ಕಸುವನ್ನು ಉಳಿಸಿಕೊಂಡು ಎಸೆಯಬೇಕು. ಅದೇ ದಾಂಡಿಗ ಎರಡನೆಯ, ಮೂರನೆಯ ಸಲ ಎದುರಿಗೆ ಬಂದಾಗ ಇವನ ಮರ್ಮವೆಲ್ಲ ಅವನಿಗೆ ತಿಳಿದಿರುತ್ತದೆ. ಒಂದೇ ಪಾಳಿಗೆ ಬರುವವನಿಗೆ ಈ ಎರಡೂ ತೊಡಕಿಲ್ಲ. ಇದ್ದ ಕಸುವನ್ನೆಲ್ಲ ಹದಿನೈದು ಚೆಂಡುಗಳಲ್ಲಿ ಸುರಿದು ಹೋಗಬಹುದು. ಎಕರ್ಸ್ಲಿಯ ತೋಳು ಹೊಸದಾಗಲಿಲ್ಲ. ಅದಕ್ಕೆ ಹೊರಿಸಿದ ಭಾರ ಬೇರೆಯಾಯಿತು.

ದನದ ಸಂತೆಗೆ ಹೋಗಿಬಂದವರು ಇದನ್ನು ಬಲ್ಲರು. ಒಬ್ಬನ ಮನೆಯಲ್ಲಿ ಮೈಗಳ್ಳನೆನ್ನಿಸಿದ ಎತ್ತು ಇನ್ನೊಬ್ಬನ ಹೊಲದಲ್ಲಿ ಕುಂಟಿ ಎಳೆದು ಬೆರಗುಗೊಳಿಸುತ್ತದೆ. ಎಡಕ್ಕೆ ಹೂಡಿದ್ದನ್ನು ಬಲಕ್ಕೆ ಹೂಡಿದಾಗ, ಅಥವಾ ಜೊತೆಯ ಎತ್ತು ಬದಲಾದಾಗ, ಅಥವಾ ಎರೆ ನೆಲದಿಂದ ಮಸಾರಿ ನೆಲಕ್ಕೆ ಬಂದಾಗ, ಎತ್ತು ಬೇರೆಯೇ ಎತ್ತಾಗುತ್ತದೆ. ಮಾರಿದವನು ತಲೆ ಕೆರೆದುಕೊಳ್ಳುತ್ತಾನೆ. ನಮ್ಮ ಸವದತ್ತಿ ತಾಲೂಕಿನ ಏಣಗಿಯ ನಟ ಬಾಳಪ್ಪನವರು (೧೯೧೪–೨೦೧೭) ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳಿಗೆ ಹೆಸರಾದವರು. ಜನ ಇಂದಿಗೂ ನೆನೆಯುವದು ಅವರ ಬಸವಣ್ಣನ ಪಾತ್ರವನ್ನು. ಸೀರೆಯಲ್ಲಿಯೇ ಅವರನ್ನು ಕಟ್ಟಿಹಾಕಿದ್ದರೆ ಆ ಬಸವಣ್ಣ ನಮಗೆ ದಕ್ಕುತ್ತಿರಲಿಲ್ಲ.

ಇನ್ನೊಬ್ಬ, ಫರ್ನಾಂಡೋ ರಾಡ್ನಿ. ಅವನ ಪಾತ್ರವೇನೂ ಬದಲಾಗಲಿಲ್ಲ, ಮೊದಲಿಂದಲೂ ಬದಲಿಯವನೇ. ೨೦೧೧ರಲ್ಲಿ ಲಾಸ್ ಏಂಜಲೀಸಿನ ಏಂಜಲ್ಸ್ ತಂಡದಲ್ಲಿ ೩೨ ಪಾಳಿ ಎಸೆದು ೨೮ ಸಲ ಪುಕ್ಕಟೆ ದಾರಿ ಕೊಟ್ಟ. ತಂಡದವರು ಕೈಬಿಟ್ಟರು. ೨೦೧೨ಕ್ಕೆ ಟ್ಯಾಂಪಾ ಬೇ ತಂಡ ಕಡಿಮೆ ಸಂಬಳಕ್ಕೆ ಕರೆದುಕೊಂಡಿತು. ೩೫ರ ವಯಸ್ಸಿನಲ್ಲಿ ಅವನು ಆ ವರ್ಷ ೭೪ ಪಾಳಿಗೂ ಹೆಚ್ಚು ಎಸೆದು ಕೊಟ್ಟ ಪುಕ್ಕಟೆ ದಾರಿ ೧೫. ಮಾಡಿದ ಸೇವ್ ೪೮. ಒಂಬತ್ತು ಪಾಳಿಗೆ ಎಷ್ಟು ರನ್ ಕೊಟ್ಟನೆಂಬ ಸರಾಸರಿ ೪.೫೦ ಇದ್ದದ್ದು ೦.೬೦ಕ್ಕೆ ಇಳಿಯಿತು. ಹೊಸ ತಂಡದವರು ಮಾಡಿಸಿದ ಬದಲಾವಣೆಗಳಲ್ಲಿ ಒಂದು, ಕೇಳಿದರೆ ನಗು ಬರುವಷ್ಟು ಸಣ್ಣದು. ದಿಬ್ಬದ ಮೇಲೆ ಕಾಲೂರುವ ರಬ್ಬರಿನ ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದು ನಿಲ್ಲುವದು. ಎರಡಡಿ ಉದ್ದದ ಪಟ್ಟಿ!

ಆದರೆ ಇದನ್ನೆಲ್ಲ ಪವಾಡವೆಂದು ನಂಬುವ ಮುಂಚೆ ಒಂದು ಲೆಕ್ಕವನ್ನೂ ನೋಡಬೇಕು. ಬದಲಿಯವನು ವರ್ಷವಿಡೀ ಎಸೆಯುವದು ಅರವತ್ತು ಎಪ್ಪತ್ತು ಪಾಳಿ ಮಾತ್ರ. ೬೦ ಪಾಳಿಯಲ್ಲಿ ೨೦ ರನ್ ಕೊಟ್ಟವನ ಸರಾಸರಿ ೩.೦೦, ಒಳ್ಳೆಯವನೆನ್ನುತ್ತಾರೆ. ಅದೇ ೬೦ ಪಾಳಿಯೊಳಗೆ ಎರಡು ರಾತ್ರಿ ಗ್ರಹಚಾರ ಕೆಟ್ಟು ನಾಲ್ಕು ನಾಲ್ಕು ರನ್ ಹೆಚ್ಚಿಗೆ ಹೋದವೆನ್ನಿ, ಒಟ್ಟು ೨೮, ಸರಾಸರಿ ೪.೨೦ ಆಯಿತು. ‘ಇವನ ಕಾಲ ಮುಗಿಯಿತು’ ಎನ್ನುತ್ತಾರೆ. ಇಡೀ ವರ್ಷದ ಕೀರ್ತಿ ಅಪಕೀರ್ತಿಗಳು ಎರಡು ರಾತ್ರಿಗಳಲ್ಲಿ ನಿಂತಿವೆ. ಹೀಗೆ ಕೈಬಿಟ್ಟವನನ್ನು ಅಗ್ಗಕ್ಕೆ ಕೊಂಡ ತಂಡಕ್ಕೆ ಮರುವರ್ಷ ಅವನು ತನ್ನ ಎಂದಿನ ಮಟ್ಟಕ್ಕೆ ಬಂದರೂ ಸಾಕು, ಪುನರ್ಜನ್ಮವೆಂದು ಪತ್ರಿಕೆಗಳು ಬರೆಯುತ್ತವೆ. ಕೆಲವು ಪುನರ್ಜನ್ಮಗಳು ನಿಜವಾಗಿ ಸಾವೇ ಇಲ್ಲದವು.

ನಮ್ಮ ಆಟಕ್ಕೆ ಬರೋಣ. ಕ್ರಿಕೆಟ್ಟಿನಲ್ಲಿ ಬದಲಿ ಎಸೆತಗಾರನೆಂಬ ಪದವಿ ಇಲ್ಲ; ಹನ್ನೊಂದು ಜನರಲ್ಲಿಯೇ ಹಂಚಿಕೊಂಡು ಎಸೆಯಬೇಕು. ಐಪಿಎಲ್ ಪಂದ್ಯಾವಳಿಯಲ್ಲಿ ಮಾತ್ರ ೨೦೨೩ರಿಂದ ‘ಇಂಪ್ಯಾಕ್ಟ್’ ಆಟಗಾರನೆಂಬ ಪದ್ಧತಿ ಬಂದು, ಹೊರಗೆ ಹೋದವನು ಮರಳದ ಆ ಬೇಸ್‌ಬಾಲ್ ನಿಯಮ ಇಲ್ಲಿಗೂ ಕಾಲಿಟ್ಟಿತು. ತಂಡ ಬಿಟ್ಟು ಎದ್ದುಬಂದ ಎಸೆತಗಾರ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಪ್ರಸಿದ್ಧ ಕೃಷ್ಣ ಇದ್ದಾರೆ.

೧೯೯೬ರಲ್ಲಿ ಹುಟ್ಟಿದ ಈ ಎತ್ತರದ ವೇಗದ ಬೌಲರ್ ೨೦೧೮ರಲ್ಲಿ ಕೋಲ್ಕತಾ ತಂಡಕ್ಕೆ ಹೋದದ್ದೇ ಗಾಯಗೊಂಡ ಇನ್ನೊಬ್ಬನ ಬದಲಿಗೆ. ೨೦೨೧ರ ಮಾರ್ಚದಲ್ಲಿ ಪುಣೆಯಲ್ಲಿ ಇಂಗ್ಲಂಡಿನ ವಿರುದ್ಧ ಮೊದಲ ಏಕದಿನ ಪಂದ್ಯದಲ್ಲಿಯೇ ೫೪ ರನ್ನಿಗೆ ೪ ವಿಕೆಟ್ ಪಡೆದರು. ೨೦೨೨ರಲ್ಲಿ ರಾಜಸ್ಥಾನ ತಂಡ ೧೦ ಕೋಟಿ ರೂಪಾಯಿಗೆ ಕೊಂಡಿತು. ಆ ಮೇಲೆ ಬೆನ್ನೆಲುಬಿನಲ್ಲಿ ಬಿರುಕು. ೨೦೨೩ರ ಐಪಿಎಲ್ ಹೋಯಿತು. ಗುಣವಾಗಿ ಬಂದು ಆ ವರ್ಷದ ಡಿಸೆಂಬರದಲ್ಲಿ ದಕ್ಷಿಣ ಆಫ್ರಿಕದಲ್ಲಿ ಮೊದಲ ಟೆಸ್ಟ್ ಆಡಿದರು. ಮರು ತಿಂಗಳೇ ರಣಜಿ ಪಂದ್ಯದಲ್ಲಿ ತೊಡೆಯ ಸ್ನಾಯುರಜ್ಜು ಕೆಟ್ಟು ಫೆಬ್ರುವರಿಯಲ್ಲಿ ಶಸ್ತ್ರಚಿಕಿತ್ಸೆ, ೨೦೨೪ರ ಐಪಿಎಲ್ಲೂ ಹೋಯಿತು. ರಾಜಸ್ಥಾನದವರು ಉಳಿಸಿಕೊಳ್ಳಲಿಲ್ಲ. ಅವರನ್ನು ದೂರುವದೂ ನ್ಯಾಯವಲ್ಲ. ಎರಡು ಹಂಗಾಮು ಬಿತ್ತದ ಹೊಲಕ್ಕೆ ಎಷ್ಟು ಲಾವಣಿ ಕೊಟ್ಟಾರು?

೨೦೨೪ರ ನವೆಂಬರದ ಲಿಲಾವಿನಲ್ಲಿ ಗುಜರಾತ ತಂಡ ಒಂಬತ್ತೂವರೆ ಕೋಟಿಗೆ ಕೊಂಡಿತು. ೨೦೨೫ರಲ್ಲಿ ೧೫ ಪಂದ್ಯಗಳಿಂದ ೨೫ ವಿಕೆಟ್. ಇಡೀ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, ಅದಕ್ಕಾಗಿ ಕೊಡುವ ನೇರಳೆ ಬಣ್ಣದ ಟೊಪ್ಪಿಗೆಯೂ ಅವರದಾಯಿತು. ನೆಲದ ಮಾತು ಇಲ್ಲಿಯೂ ಬರುತ್ತದೆ. ಅಹಮದಾಬಾದಿನ ದೊಡ್ಡ ಮೈದಾನದಲ್ಲಿ ಕೆಂಪು ಮಣ್ಣಿನ ಪಿಚ್ಚುಗಳೂ ಕಪ್ಪು ಮಣ್ಣಿನ ಪಿಚ್ಚುಗಳೂ ಉಂಟು. ಕೆಂಪು ಮಣ್ಣಿನಲ್ಲಿ ಚೆಂಡು ಚೆನ್ನಾಗಿ ಪುಟಿಯುತ್ತದೆ, ಕಪ್ಪಿನಲ್ಲಿ ತುಸು ನಿಂತು ಬರುತ್ತದೆ. ಎತ್ತರದಿಂದ ಚೆಂಡನ್ನು ಗಡುಸಾಗಿ ನೆಲಕ್ಕೆ ಬಡಿದು ಎಬ್ಬಿಸುವ, ನಡುವೆ ಅದೇ ಜಾಗಕ್ಕೆ ವೇಗ ತಗ್ಗಿಸಿ ಹಾಕುವ ಬೌಲರನಿಗೆ ಎರಡರಿಂದಲೂ ಲಾಭ. ಎರೆಯಲ್ಲಿ ಜೋಳ, ಮಸಾರಿಯಲ್ಲಿ ಶೇಂಗಾ ಬೆಳೆಯುವವರಿಗೆ ನಾನು ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅದೇ ವರ್ಷ ಲಂಡನ್ನಿನ ಓವಲ್ ಮೈದಾನದ ಟೆಸ್ಟಿನಲ್ಲಿ ಅವರು ಎರಡೂ ಸರದಿಗಳಲ್ಲಿ ನಾಲ್ಕು ನಾಲ್ಕು ವಿಕೆಟ್ ಪಡೆದರು. ಅಗಸ್ಟ ೪ರ ಬೆಳಿಗ್ಗೆ ಇಂಗ್ಲಂಡಿಗೆ ಬೇಕಾದದ್ದು ೩೫ ರನ್, ಉಳಿದದ್ದು ನಾಲ್ಕು ವಿಕೆಟ್. ದಿನದ ಮೊದಲೆರಡು ಚೆಂಡು ಎಸೆದವರು ಪ್ರಸಿದ್ಧ. ಎರಡೂ ಬೌಂಡರಿಗೆ ಹೋದವು. ಆ ಹೊತ್ತಿಗೆ ಎಷ್ಟು ಜನ ಕಿವಿ ಮುಚ್ಚಿಕೊಂಡರೋ! ಮುಂದೆ ಸಿರಾಜ್ ಮೂರು, ಪ್ರಸಿದ್ಧ ಒಂದು ವಿಕೆಟ್ ಕಿತ್ತು, ಭಾರತ ೬ ರನ್ನುಗಳಿಂದ ಗೆದ್ದಿತು.

ಇನ್ನು ಹುಡುಗ ಕೇಳಿದ ಕರುಣ್ ನಾಯರ್. ಇವರು ದಾಂಡಿಗರು, ಎಸೆತಗಾರರಲ್ಲ. ಆದರೂ ತಂಡ ಬಿಡುವ ನೋವು ಇವರಷ್ಟು ಯಾರಿಗೂ ತಿಳಿದಿರಲಾರದು. ೨೦೧೬ರ ಡಿಸೆಂಬರದಲ್ಲಿ ಚೆನ್ನೈಯಲ್ಲಿ ಇಂಗ್ಲಂಡಿನ ವಿರುದ್ಧ ಔಟಾಗದೆ ೩೦೩ ಹೊಡೆದವರು ಮೂರು ತಿಂಗಳಲ್ಲಿ ಭಾರತ ತಂಡದಿಂದ ಹೊರಗಾದರು. ೨೦೨೨-೨೩ರಲ್ಲಿ ಕರ್ನಾಟಕ ತಂಡದಲ್ಲಿಯೂ ಜಾಗ ಹೋಯಿತು. ಆ ಡಿಸೆಂಬರದಲ್ಲಿ ಕ್ರಿಕೆಟ್ಟನ್ನೇ ಉದ್ದೇಶಿಸಿ, ನನಗೆ ಇನ್ನೊಂದು ಅವಕಾಶ ಕೊಡು ಎಂದು ಅವರು ಬರೆದ ಒಂದು ಸಾಲು ದೇಶವೆಲ್ಲ ಓದಿತು. ೨೦೨೩ರಲ್ಲಿ ವಿದರ್ಭಕ್ಕೆ ಹೋದರು; ನಡುವೆ ಇಂಗ್ಲಂಡಿನ ನಾರ್ಥಾಂಪ್ಟನ್‌ಶೈರ್ ತಂಡಕ್ಕೂ ಆಡಿದರು.

ಒಂದು ರಾಜ್ಯದ ಆಟಗಾರ ಇನ್ನೊಂದು ರಾಜ್ಯಕ್ಕೆ ಆಡಬೇಕಾದರೆ ತನ್ನ ಸಂಸ್ಥೆಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರ ಪಡೆಯಬೇಕು. ಮಗಳನ್ನು ಕೊಟ್ಟ ಮನೆಯಂತೆ ಹೊಸ ತಂಡ ಅವನನ್ನು ಎಷ್ಟು ಆದರಿಸುವದೋ ಎಂಬ ಅಂಜಿಕೆ ಎಂಥವನಿಗೂ ಇರುವದೇ. ೨೦೨೪-೨೫ರ ವಿಜಯ ಹಜಾರೆ ಪಂದ್ಯಾವಳಿಯಲ್ಲಿ ಕರುಣ್ ಔಟಾಗದೆ ೫೪೨ ರನ್ ಕೂಡಿಸಿದರು. ಕೊನೆಗೆ ಮೊತ್ತ ೭೭೯, ಔಟಾದದ್ದು ಎರಡೇ ಸಲ. ಫೈನಲ್ಲಿನಲ್ಲಿ ಎದುರಿಗೆ ಬಂದದ್ದು ಕರ್ನಾಟಕವೇ. ೨೭ ರನ್ನಿಗೆ ಅವರ ವಿಕೆಟ್ ಉರುಳಿಸಿದವರು ಯಾರು? ಪ್ರಸಿದ್ಧ ಕೃಷ್ಣ! ಕರ್ನಾಟಕ ೩೬ ರನ್ನುಗಳಿಂದ ಗೆದ್ದಿತು. ಅಂದು ಯಾವ ಕಡೆಗೆ ಚಪ್ಪಾಳೆ ತಟ್ಟಬೇಕೆಂದು ನಮ್ಮ ಶಿಕ್ಷಕರ ಕೋಣೆಯಲ್ಲಿಯೇ ಎರಡು ಪಕ್ಷಗಳಾಗಿದ್ದವು. ಆ ಹಂಗಾಮಿನ ರಣಜಿಯಲ್ಲಿ ೮೬೩ ರನ್. ಕೇರಳದ ವಿರುದ್ಧ ನಾಗಪುರದ ಫೈನಲ್ಲಿನಲ್ಲಿ ೮೬ ಮತ್ತು ೧೩೫. ವಿದರ್ಭ ಕಪ್ಪು ಗೆದ್ದಿತು. ೨೦೨೫ರ ಜೂನ್ ೨೦ರಂದು, ಎಂಟು ವರ್ಷಗಳ ಮೇಲೆ, ಅವರು ಮತ್ತೆ ಭಾರತದ ಪರ ಟೆಸ್ಟ್ ಆಡಲು ಲೀಡ್ಸಿನಲ್ಲಿ ಇಳಿದರು. ಮೊದಲ ಸರದಿಯಲ್ಲಿ ಸೊನ್ನೆ. ಓವಲ್ಲಿನಲ್ಲಿ ೫೭. ಸರಣಿ ಮುಗಿದ ಮೇಲೆ ಮತ್ತೆ ಹೊರಗೆ. ಇಂಥ ಕಥೆಗಳಲ್ಲಿ ‘ಸುಖವಾಗಿದ್ದರು’ ಎಂಬ ಕೊನೆಯ ವಾಕ್ಯ ಬರುವದಿಲ್ಲ. ೨೦೨೫-೨೬ರಲ್ಲಿ ಕರ್ನಾಟಕಕ್ಕೆ ಮರಳಿ ಬಂದು ಶಿವಮೊಗ್ಗೆಯಲ್ಲಿ ಗೋವಾದ ವಿರುದ್ಧ ಔಟಾಗದೆ ೧೭೪, ತಿರುವನಂತಪುರದಲ್ಲಿ ಕೇರಳದ ವಿರುದ್ಧ ೨೩೩ ಹೊಡೆದರು.

ಎಲ್ಲರೂ ಹೀಗೆ ಏಳುವದಿಲ್ಲ. ಭಾಲೆ ಎಸೆಯುತ್ತಿದ್ದ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ ಪಟೇಲ್ ಎಂಬ ಇಬ್ಬರು ೨೦೦೮ರಲ್ಲಿ ಒಂದು ಸ್ಪರ್ಧೆ ಗೆದ್ದು ಪಿಟ್ಸ್‌ಬರ್ಗ ತಂಡದ ಪಿಚರುಗಳಾಗಿ ಅಮೇರಿಕಕ್ಕೆ ಹೋದರು. ಇಬ್ಬರೂ ದೊಡ್ಡ ಲೀಗಿನ ದಿಬ್ಬದ ಮೇಲೆ ಕಾಲಿಡಲಿಲ್ಲ. ದಿನೇಶ ಊರಿಗೆ ಮರಳಿದರು. ರಿಂಕುವಿನ ತೋಳು ಕೈಕೊಟ್ಟಿತು. ಅವರು ಮುಂದೆ ಅಮೇರಿಕದಲ್ಲಿಯೇ ಪ್ರದರ್ಶನದ ಕುಸ್ತಿಗೆ ಇಳಿದರು. ನಮ್ಮ ಗರಡಿಯವರು ಅದನ್ನು ಕುಸ್ತಿಯೆಂದು ಒಪ್ಪುವದು ಕಷ್ಟ!

ನನ್ನ ಹುಡುಗನಿಗೆ ನಾನು ಕೊನೆಗೆ ಹೇಳಿದ್ದು ಇವರಾರ ಕಥೆಯನ್ನೂ ಅಲ್ಲ, ಪವನ್ ಸೆಹ್ರಾವತನದು. ಕಬಡ್ಡಿ ಅವನ ಆಟವಾದ್ದರಿಂದ. ಪವನ್ ೨೦೧೬ರಲ್ಲಿ ಬೆಂಗಳೂರು ಬುಲ್ಸ್ ತಂಡಕ್ಕೆ ಬಂದವರು. ಐದನೆಯ ಹಂಗಾಮಿಗೆ ಗುಜರಾತಕ್ಕೆ ಹೋದರು, ಅಲ್ಲಿ ಬಹಳ ಸಲ ಬೆಂಚಿನ ಮೇಲೆಯೇ ಕುಳಿತರು. ಆರನೆಯ ಹಂಗಾಮಿಗೆ ಬೆಂಗಳೂರಿಗೆ ಮರಳಿದರು. ೨೦೧೯ರ ಜನೇವರಿ ೫ರಂದು ಮುಂಬಯಿಯಲ್ಲಿ ಫೈನಲ್. ಎದುರಿಗೆ ಅದೇ ಗುಜರಾತ. ಪವನ್ ಒಬ್ಬರೇ ೨೨ ಅಂಕ ತಂದರು. ಬೆಂಗಳೂರು ೩೮-೩೩ರಿಂದ ಗೆದ್ದಿತು. ಹೋರಿಗಳ ದೊಡ್ಡಿಯ ಮಾತು ಹೇಳಿ, ಬುಲ್ಸ್ ಎಂಬ ಹೆಸರಿಗೆ ಅದನ್ನು ಜೋಡಿಸಿ ನಾನು ಪಂಡಿತರ ರೀತಿಯ ಒಂದು ಚಮತ್ಕಾರವನ್ನೂ ಮಾಡಿದೆ. ಹುಡುಗ ಅದಕ್ಕೆ ನಗಲಿಲ್ಲ. “ಗುಜರಾತದಾಗ ಅವಂಗ ಯಾಕ ಆಡಸಲಿಲ್ರಿ ಸರ್?” ಎಂದಷ್ಟೇ ಕೇಳಿದ.

ಈಗ ಅವನು ಕಾಲೇಜಿನಲ್ಲಿದ್ದಾನೆ. ಶಾಲೆಯಲ್ಲಿ ದಾಳಿ ಮಾಡುವವನಾಗಿದ್ದವನು ಅಲ್ಲಿ ಎಡಮೂಲೆಯಲ್ಲಿ ನಿಂತು ಹಿಡಿಯುತ್ತಾನಂತೆ. ಕಾಲು ಹಿಡಿದನೆಂದರೆ ಬಿಡುವದಿಲ್ಲವೆಂದು ಅವನ ಗೆಳೆಯರು ಹೇಳಿದರು. ಮೊನ್ನೆ ಪಂದ್ಯಕ್ಕೆಂದು ಕಿತ್ತೂರಿಗೆ ಹೊರಟವನು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಭೆಟ್ಟಿಯಾಗಿ, ಮೊಣಕಾಲಿಗೆ ಕಟ್ಟಿದ ಪಟ್ಟಿ ತೋರಿಸಿ, “ಆರಾಮ ಐತ್ರಿ ಸರ್” ಎಂದು ಓಡಿ ಬಸ್ಸು ಹತ್ತಿದ. ಯಾವ ತಂಡದ ಪರ ಆಡುತ್ತಾನೆಂದು ಕೇಳಲು ನನಗೆ ನೆನಪಾಗಲಿಲ್ಲ.